ಸಹಧರ್ಮಚಾರಿಣಿ: ಹಾಸನ ಸೀಮೆಯ ಶಾಸನಗಳಲ್ಲಿ ಭಿನ್ನಮತದ ದಾಂಪತ್ಯ

ವಿವಾಹವು ಯಾವ ಪ್ರಯೋಜನಕ್ಕಾಗಿ ಏರ್ಪಟ್ಟಿತೆಂಬ ಪ್ರಶ್ನೆಗೆ ಲೋಕದ ಮತಧರ್ಮಗಳು ಒಂದೇ ಉತ್ತರವನ್ನು ಕೊಡುವುದಿಲ್ಲ. ವೈದಿಕರಿಗೆ ಅದು ಸಂಸ್ಕಾರ, ಗೃಹಸ್ಥಾಶ್ರಮದ ದ್ವಾರ. ಮುಸಲ್ಮಾನರ ನಿಕಾಹು ಸಾಕ್ಷಿಗಳ ಸಮಕ್ಷಮದಲ್ಲಿ ಒಬ್ಬರು ಕೇಳಿ ಮತ್ತೊಬ್ಬರು ಒಪ್ಪುವ ಒಡಂಬಡಿಕೆ. ಅದರಲ್ಲಿ ಮಹರೆಂಬ ಧನವು ವಧುವಿನ ಸ್ವಂತ ಹಕ್ಕು. ರೋಮನ್ ಕ್ಯಾಥೊಲಿಕರಿಗೆ ಅದು ಮರಣಪರ್ಯಂತ ಬಿಡಿಸಲಾಗದ ಪವಿತ್ರಬಂಧ; ಪಾದ್ರಿಯೂ ಸಾಕ್ಷಿಗಳೂ ಎದುರಿಗಿರಬೇಕೆಂಬ ನಿಯಮವನ್ನು ಟ್ರೆಂಟಿನ ಧರ್ಮಸಭೆಯು 1563ರಲ್ಲಿ ವಿಧಿಸಿತು. ಇಷ್ಟು ಭೇದಗಳಿದ್ದರೂ ಒಂದು ಕಷ್ಟವು ಎಲ್ಲರಿಗೂ ಸಮಾನವಾಗಿ ಎದುರಾಗಿದೆ. ಗಂಡನಿಗೊಂದು ದೇವರು, ಹೆಂಡತಿಗೊಂದು ದೇವರು ಆದಲ್ಲಿ ಆ ವಿವಾಹವು ತನ್ನ ಪ್ರಯೋಜನವನ್ನು ಸಾಧಿಸುವುದೇ? ಈ ಪ್ರಶ್ನೆಗೆ ಗ್ರಂಥಗಳಲ್ಲಿ ದೊರೆಯುವ ಉತ್ತರಗಳಿಗಿಂತ ಸ್ಪಷ್ಟವಾದ ಉತ್ತರವು ಹಾಸನ ಸೀಮೆಯ ಕಲ್ಲುಗಳಲ್ಲಿ ದೊರೆಯುತ್ತದೆ.

ಸಾಲಗಾಮೆ, ಶಾಂತಿಗ್ರಾಮ ಮೊದಲಾದ ಹೋಬಳಿಗಳನ್ನೊಳಗೊಂಡ ಹಾಸನ ತಾಲ್ಲೂಕಿನ ಒಂದು ಪಕ್ಕಕ್ಕೆ ಬೇಲೂರು ಹಳೇಬೀಡುಗಳೂ, ಮತ್ತೊಂದು ಪಕ್ಕಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವೂ ಇವೆ. ಒಂದು ಕಡೆ ಅರಮನೆ, ಕೇಶವಾಲಯ, ಶಿವಾಲಯ. ಮತ್ತೊಂದು ಕಡೆ ಜಿನತೀರ್ಥ. ಹನ್ನೆರಡನೆಯ ಶತಮಾನದಲ್ಲಿ ಈ ಎರಡರ ನಡುವೆ ಸಂಚರಿಸುತ್ತಿದ್ದವರಲ್ಲಿ ಒಂದೇ ಮನೆಯವರಾಗಿದ್ದು ಬೇರೆ ಬೇರೆ ದೇವರಿಗೆ ಕೈಮುಗಿಯುತ್ತಿದ್ದ ದಂಪತಿಗಳೂ ಇದ್ದರು. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅವನ್ನು ಪರಿಷ್ಕರಿಸಿ ವಿಸ್ತರಿಸಿದರು. ಅಂದಿನಿಂದ ಇವು ಜಿನಾಲಯಗಳ ಚರಿತ್ರೆಗೂ ಗುರುಪರಂಪರೆಯ ನಿರ್ಣಯಕ್ಕೂ ಧಾರಾಳವಾಗಿ ಬಳಕೆಯಾಗಿವೆ. ದಾಂಪತ್ಯದ ಚರಿತ್ರೆಗೆ ಇವುಗಳಿಂದ ದೊರೆಯುವ ಸಹಾಯವು ಅದಕ್ಕಿಂತ ಕಡಮೆಯದಲ್ಲ.

ಮೊದಲು ಶಾಸ್ತ್ರವನ್ನು ನೋಡತಕ್ಕದ್ದು. ಸಂತಾನ, ಧರ್ಮಕಾರ್ಯ, ಶುಶ್ರೂಷೆ, ರತಿ, ತನಗೂ ಪಿತೃಗಳಿಗೂ ಸ್ವರ್ಗ, ಇವೆಲ್ಲವೂ ಪತ್ನಿಯ ಅಧೀನವೆಂದು ಮನುವು ಹೇಳುತ್ತಾನೆ. ಆಪಸ್ತಂಬನು ಇನ್ನೂ ಮುಂದೆ ಹೋಗಿ, ಪಾಣಿಗ್ರಹಣವಾದಂದಿನಿಂದ ಕರ್ಮಗಳಲ್ಲಿಯೂ ಪುಣ್ಯಫಲದಲ್ಲಿಯೂ ಧನಸಂಗ್ರಹದಲ್ಲಿಯೂ ದಂಪತಿಗಳಿಗೆ ಸಹತ್ವವುಂಟು, ಅವರಲ್ಲಿ ವಿಭಾಗವಿಲ್ಲವೆಂದು ವಿಧಿಸುತ್ತಾನೆ. ಎಂಟು ಬಗೆಯ ವಿವಾಹಗಳಲ್ಲಿ ಪ್ರಾಜಾಪತ್ಯದ ಲಕ್ಷಣವೇ ವಧೂವರರು ಕೂಡಿ ಧರ್ಮವನ್ನಾಚರಿಸಬೇಕೆಂಬ ಉಪದೇಶ. ಸಹಧರ್ಮಚಾರಿಣಿ ಎಂಬ ಮಾತು ಈ ಮೂಲದಿಂದ ಬಂದುದು. ಈ ಮಾತನ್ನು ಅಕ್ಷರಶಃ ಹಿಡಿದರೆ, ಅಗ್ನಿಹೋತ್ರಿಯ ಮನೆಯಲ್ಲಿ ಜಿನಭಕ್ತಳಾದ ಗೃಹಿಣಿಗೆ ಸ್ಥಾನವೇ ಇಲ್ಲವೆಂದು ತೋರುತ್ತದೆ. ಆದರೆ ಧರ್ಮಶಬ್ದಕ್ಕೆ ಮತವೆಂಬ ಅರ್ಥವು ಸೂತ್ರಕಾರರ ಕಾಲದ್ದಲ್ಲ. ಅವರಿಗೆ ಧರ್ಮವೆಂದರೆ ಮಾಡತಕ್ಕ ಕಾರ್ಯ: ಅತಿಥಿಸತ್ಕಾರ, ದಾನ, ಯಜ್ಞ, ಪಿತೃಕಾರ್ಯ. ಇಂದಿನ ಓದುಗರು ಈ ಸೂಕ್ಷ್ಮವನ್ನು ಮರೆತು, ಸಹಧರ್ಮವೆಂದರೆ ಏಕಮತವೆಂದು ತಿಳಿಯುವುದು ಸಾಮಾನ್ಯವಾಗಿದೆ.

ಜೈನಾಚಾರ್ಯರ ನಿಲುವು ಬೇರೆ. ಜಿನಸೇನಾಚಾರ್ಯನು ಮಹಾಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳನ್ನು ಐವತ್ತಮೂರಾಗಿ ಎಣಿಸಿ ವಿವಾಹವನ್ನೂ ಅವುಗಳಲ್ಲಿ ಸೇರಿಸಿದ್ದಾನೆ. ಆದರೂ ಜೈನರಿಗೆ ಮೋಕ್ಷಮಾರ್ಗವು ಸಮ್ಯಕ್ತ್ವ ವ್ರತಗಳಿಂದ ಸಾಗುವುದೇ ಹೊರತು ಮದುವೆಯಿಂದಲ್ಲ. ಕ್ರಿ. ಶ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಯು ಈ ವಿಷಯದಲ್ಲಿ ಅತ್ಯಂತ ಉದಾರವಾದ ಒಂದು ನಿಯಮವನ್ನು ಕೊಟ್ಟನು: ಸಮ್ಯಕ್ತ್ವಕ್ಕೆ ಹಾನಿಯಾಗದಿದ್ದರೆ, ವ್ರತಕ್ಕೆ ದೂಷಣೆ ತಟ್ಟದಿದ್ದರೆ, ಲೋಕದಲ್ಲಿ ರೂಢಿಯಾಗಿರುವ ವಿಧಿಗಳೆಲ್ಲವೂ ಜೈನರಿಗೆ ಗ್ರಾಹ್ಯವೇ. ವಿವಾಹವು ಲೌಕಿಕವಾದರೆ, ಯಾರ ಕೈಹಿಡಿದರೂ ನಂಬಿಕೆಯು ತನ್ನದಾಗಿಯೇ ಉಳಿಯಬಹುದು. ಹೊಯ್ಸಳನಾಡಿನ ಜೈನಸ್ತ್ರೀಯರು ಅನ್ಯಮತದ ಮನೆಗಳಲ್ಲಿ ಗೌರವದಿಂದ ಬಾಳಿದುದಕ್ಕೆ ತಾತ್ತ್ವಿಕವಾದ ಆಧಾರವನ್ನು ಹುಡುಕುವುದಾದರೆ ಇದಕ್ಕಿಂತ ಸಮೀಪವಾದುದು ಇಲ್ಲ.

ಶಾಂತಲದೇವಿಯ ವೃತ್ತಾಂತವು ಸುವಿದಿತವಾದರೂ ಅವಳ ತಾಯಿತಂದೆಗಳ ವಿಷಯವು ಸಾಕಷ್ಟು ಗಮನಕ್ಕೆ ಬಂದಿಲ್ಲ. ತಂದೆ ಪೆರ್ಗಡೆ ಮಾರಸಿಂಗಯ್ಯನು ಶೈವ. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಮಗಳು ತಾಯಿಯ ದೇವರನ್ನು ಹಿಡಿದಳು. ಗೋತ್ರವು ತಂದೆಯಿಂದ ಬಂದರೂ ಭಕ್ತಿಯು ತಾಯಿಯಿಂದ ಬರಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಅವಳು ಕೈಹಿಡಿದ ವಿಷ್ಣುವರ್ಧನನಾದರೋ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ಸಂಪ್ರದಾಯವು ಹೇಳುವ ಅರಸು. ಬೇಲೂರಿನ ವಿಜಯನಾರಾಯಣನನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದವನು. ಹೀಗೆ ಎರಡು ತಲೆಮಾರುಗಳಲ್ಲಿ, ನಾಲ್ಕು ಜನರಲ್ಲಿ, ಮೂರು ಮತಗಳು. ಶಾಂತಲೆಯು ಪ್ರಭಾಚಂದ್ರ ಸಿದ್ಧಾಂತದೇವನ ಶಿಷ್ಯೆಯಾಗಿ 1123ರಲ್ಲಿ ಚಂದ್ರಗಿರಿಯ ಮೇಲೆ ಶಾಂತಿನಾಥನ ಬಸದಿಯನ್ನು ಕಟ್ಟಿಸಿ, ಅದರ ಪೂಜೆಗೂ ಮುನಿಗಳ ಆಹಾರಕ್ಕೂ ಅರಸನ ಅನುಮತಿಯಿಂದ ಮೊಟ್ಟೆನವಿಲೆ ಎಂಬ ಗ್ರಾಮವನ್ನು ಬಿಟ್ಟಳು. ಅದೇ ಶಾಂತಲೆಯು ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನನ್ನೂ ಪ್ರತಿಷ್ಠೆ ಮಾಡಿಸಿದಳೆಂದು ಆ ವಿಗ್ರಹದ ಪೀಠದ ಬರಹವು ಸಾರುತ್ತದೆ. ಹಳೇಬೀಡಿನ ಜೋಡಿ ಶಿವಾಲಯದಲ್ಲಿ ಒಂದು ಲಿಂಗವು ಹೊಯ್ಸಳೇಶ್ವರ, ಇನ್ನೊಂದು ಶಾಂತಲೇಶ್ವರ.

ಶಕವರ್ಷ 1053ರಲ್ಲಿ, ಎಂದರೆ ಕ್ರಿ. ಶ. 1131ರಲ್ಲಿ, ಅವಳು ಮುಡಿಪಿದುದು ಶಿವಗಂಗೆಯಲ್ಲಿ, ಅದು ಶೈವಕ್ಷೇತ್ರ. ಮಗಳ ಅಗಲಿಕೆಯನ್ನು ಸಹಿಸಲಾರದೆ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನ ವಿಧಿಯಿಂದ ದೇಹವನ್ನು ಬಿಟ್ಟಳು. ಶೈವನ ಪತ್ನಿಯಾಗಿ ಬಾಳು ಕಳೆದವಳ ಕೊನೆಯ ವ್ರತವು ಜಿನಶಾಸನಕ್ಕೆ ಸೇರಿದುದು. ವಿಷ್ಣುವರ್ಧನನು ವೈಷ್ಣವನಾದ ಮೇಲೆ ಜೈನರನ್ನು ಪೀಡಿಸಿದನೆಂಬ ಸ್ಥಳಪುರಾಣದ ಕಥೆಯು ಇವುಗಳ ಮುಂದೆ ನಿಲ್ಲುವಂತಿಲ್ಲ. 1133ರಲ್ಲಿ ಹಳೇಬೀಡಿನಲ್ಲಿ ಬೊಪ್ಪದೇವನು ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಪ್ರಸಾದವನ್ನು ಆ ಅರಸನೇ ಆದರದಿಂದ ಸ್ವೀಕರಿಸಿ, ತನ್ನ ವಿಜಯದ ನೆನಪಿಗಾಗಿ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರನ್ನಿಟ್ಟನು.

ಆದರೆ ಈ ದಾಂಪತ್ಯವನ್ನು ಆದರ್ಶವೆಂದು ಕೊಂಡಾಡುವವರು ಚಂದ್ರಗಿರಿಯ ಆ ಬಸದಿಯ ಹೆಸರನ್ನೂ ನೆನೆಯಬೇಕು. ಅದು ಸವತಿಗಂಧವಾರಣ ಬಸದಿ. ಸವತಿಯರೆಂಬ ಆನೆಗಳಿಗೆ ಮದಗಜವಾದವಳೆಂಬುದು ಶಾಂತಲೆಯ ಬಿರುದು. ಧರ್ಮವೂ ಸಂತಾನವೂ ಸಿದ್ಧಿಸಿರುವಾಗ ಇನ್ನೊಬ್ಬಳನ್ನು ತರಬಾರದೆಂದು ಆಪಸ್ತಂಬನು ಸ್ಪಷ್ಟವಾಗಿ ನಿಷೇಧಿಸಿದ್ದರೂ ಅರಮನೆಗಳಿಗೆ ಆ ಸೂತ್ರವು ತಲುಪಲಿಲ್ಲ. ಅಂತಃಪುರದ ವಿವಾಹಗಳಿಗೆ ರಾಜ್ಯಸಂಬಂಧವೇ ಮುಖ್ಯ ಪ್ರಯೋಜನವಾಗಿತ್ತು. ಜಿನೇಶ್ವರನೂ ಕೇಶವನೂ ಒಂದೇ ಅರಮನೆಯಲ್ಲಿ ಇರಬಲ್ಲವರಾಗಿದ್ದರು. ಸವತಿಯರ ಮಾತು ಹಾಗಿರಲಿಲ್ಲವೆಂದು ಆ ಬಿರುದೇ ಹೇಳುತ್ತದೆ.

ಆದುದರಿಂದ ಅರಸುಮನೆಗಿಂತ ಮಂತ್ರಿಯೊಬ್ಬನ ಮನೆಯ ಉದಾಹರಣೆಯು ಹೆಚ್ಚು ಬೆಲೆಯುಳ್ಳದ್ದು. ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯು ಬ್ರಾಹ್ಮಣ, ಶಿವಭಕ್ತ. ಅವನ ಪತ್ನಿ ಆಚಲದೇವಿ ಅಥವಾ ಆಚಿಯಕ್ಕನು ನಯಕೀರ್ತಿ ಸಿದ್ಧಾಂತದೇವನ ಪರಂಪರೆಗೆ ಸೇರಿದ ಜಿನಭಕ್ತೆ. ಶಕ 1103ರಲ್ಲಿ, ಕ್ರಿ. ಶ. 1181ರಲ್ಲಿ, ಅವಳು ಬೆಳಗೊಳದ ಊರೊಳಗೆ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದಳು. ಏಳು ಹೆಡೆಗಳ ಪಾರ್ಶ್ವನಾಥ, ಸುಕನಾಸಿಯಲ್ಲಿ ಎದುರುಬದುರಾಗಿ ಧರಣೇಂದ್ರ ಪದ್ಮಾವತಿಯರು. ಅಚ್ಚ ಹೊಯ್ಸಳ ಶೈಲಿಯ ಆ ಕಟ್ಟಡವು ಅಕ್ಕನ ಬಸದಿಯೆಂದು ಇಂದಿಗೂ ಪ್ರಸಿದ್ಧವಾಗಿದೆ. ಅದರ ಪೂಜೆಗಾಗಿ ಬಮ್ಮೆಯನಹಳ್ಳಿಯನ್ನು ಕೊಡಬೇಕೆಂದು ಅರಸನನ್ನು ಬೇಡಿಕೊಂಡವನು ಬೇರೆ ಯಾರೂ ಅಲ್ಲ, ಶಿವಭಕ್ತನಾದ ಆ ಗಂಡನೇ. ಹೆಂಡತಿಯ ದೇವರಿಗೆ ಗಂಡನು ಅಡ್ಡಿ ಬರಲಿಲ್ಲವೆಂದಷ್ಟೇ ಆಗಿದ್ದರೆ ಅದನ್ನು ಉದಾಸೀನವೆನ್ನಬಹುದಾಗಿತ್ತು. ಅರಸನ ಮುಂದೆ ಆ ದೇವರಿಗಾಗಿ ಯಾಚಕನಾಗಿ ನಿಂತುದು ಉದಾಸೀನವಲ್ಲ. ತನ್ನ ಮತವನ್ನು ಬಿಡದೆ, ಅವಳ ಮತವನ್ನು ಬಿಡಿಸದೆ, ಅವಳ ಧರ್ಮಕಾರ್ಯವನ್ನು ತಾನು ನೆರವೇರಿಸಿಕೊಟ್ಟನು. ಆಪಸ್ತಂಬನ ಸಹತ್ವವು ಇಲ್ಲಿ ಅಕ್ಷರಶಃ ನಡೆದಿದೆ. ಯಜ್ಞವೇದಿಯ ಸ್ಥಾನದಲ್ಲಿ ಬಸದಿ ಇದೆ, ಅಷ್ಟೇ ಭೇದ.

ಗ್ರಾಮದಾನಗಳು ಧಾರಾಪೂರ್ವಕವಾಗಿ ನಡೆಯುತ್ತಿದ್ದುವು. ಈ ಸೀಮೆಯಲ್ಲಿ ಮದುವೆಯ ಮುಖ್ಯ ವಿಧಿಗೂ ಧಾರೆಯೆಂದೇ ಹೆಸರು. ಬ್ರಾಹ್ಮಣರು, ಒಕ್ಕಲಿಗರು, ಜೈನರು ಎಲ್ಲರಲ್ಲಿಯೂ ಧಾರೆಯೆರೆದರೆ ಮದುವೆ ಆಯಿತೆಂದು ಅರ್ಥ. ಹಾಗಾದರೆ ಕನ್ಯೆಯೂ ಭೂಮಿಯಂತೆ ಕೊಡತಕ್ಕ ವಸ್ತುವೇ? ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಆರ್ಷವಿವಾಹದಲ್ಲಿ ಕೊಡುವ ಗೋಮಿಥುನವು ಕ್ರಯವಲ್ಲ, ಧರ್ಮಮಾತ್ರವೆಂದು ಜೈಮಿನಿಯು ಸ್ತ್ರೀಯರ ಅಧಿಕಾರವನ್ನು ಸಾಧಿಸುವಾಗ ನಿರ್ಣಯಿಸಿದನು. ಸ್ತ್ರೀಗೂ ದ್ರವ್ಯಸ್ವಾಮ್ಯವುಂಟೆಂದು ಅಲ್ಲಿಯೇ ಸ್ಥಾಪಿಸಿದನು. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಸ್ತ್ರೀಧನದ ಅರ್ಥವನ್ನು ವಿಸ್ತರಿಸಿ, ದಾಯವಾಗಿಯೋ ಕ್ರಯದಿಂದಲೋ ಬೇರೆ ರೀತಿಯಲ್ಲಿಯೋ ಅವಳಿಗೆ ಬಂದುದೆಲ್ಲವನ್ನೂ ಅದರಲ್ಲಿ ಸೇರಿಸಿದನು. ಶಾಂತಲೆ ಆಚಲೆಯರು ತಮ್ಮ ಹೆಸರಿನಲ್ಲಿಯೇ ದೇವಾಲಯಗಳನ್ನು ಕಟ್ಟಿಸಿದ ಶತಮಾನವೂ ಈ ಗ್ರಂಥವು ಹಬ್ಬಿದ ಶತಮಾನವೂ ಒಂದೇ. ಧಾರೆಯೆರೆದು ಕೊಡಲ್ಪಟ್ಟವಳು ತಾನೇ ದಾತೃವಾಗಬಲ್ಲವಳಾಗಿದ್ದಳು.

ಸಂಬಂಧವನ್ನು ನಿಶ್ಚಯಿಸುವಾಗ ಕನ್ನಡನಾಡಿನ ಹಿರಿಯರು ದೇವರ ಹೆಸರಿಗಿಂತ ಬಳಿ, ಗೋತ್ರ, ಸೋದರಿಕೆಗಳನ್ನು ಹೆಚ್ಚಾಗಿ ವಿಚಾರಿಸುತ್ತಿದ್ದರು. ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ವರಿಸುವುದು ದಕ್ಷಿಣದವರ ವಿಶೇಷಾಚಾರವೆಂದು ಬೌಧಾಯನನೇ ಎಣಿಸಿದ್ದಾನೆ. ಸಪಿಂಡನಿಯಮಕ್ಕೆ ವಿರುದ್ಧವಾಗಿ ಕಾಣುವ ಈ ಆಚಾರವನ್ನು ಹದಿನಾಲ್ಕನೆಯ ಶತಮಾನದಲ್ಲಿ ಮಾಧವಾಚಾರ್ಯನು ಪರಾಶರಮಾಧವೀಯದಲ್ಲಿ ಶ್ರುತಿವಾಕ್ಯಗಳಿಂದ ಸಮರ್ಥಿಸಿದನು. ಬಂಧುತ್ವವನ್ನು ನಿಯಮಿಸುವುದಕ್ಕೆ ಇಷ್ಟು ಶ್ರಮಪಟ್ಟ ಗ್ರಂಥಕಾರರು ಮನೆದೇವರ ಭೇದವನ್ನು ಅಷ್ಟಾಗಿ ಚರ್ಚಿಸಲಿಲ್ಲ. ಹಾಗೆಂದು ಹೊಯ್ಸಳನಾಡಿನ ಜನರೆಲ್ಲರೂ ಯಾವ ಕಟ್ಟೂ ಇಲ್ಲದೆ ಕೊಟ್ಟುತರುತ್ತಿದ್ದರೆಂದು ಭಾವಿಸಲಾಗದು. ಕಲ್ಲಿನಲ್ಲಿ ಹೆಸರು ಕೊರೆಯಿಸಬಲ್ಲವರು ಉನ್ನತಾಧಿಕಾರದವರು. ಅವರಲ್ಲಿಯೂ ದಂಡನಾಯಕ ಗಂಗರಾಜ ಮತ್ತು ಲಕ್ಷ್ಮೀದೇವಿಯರಂತೆ ಪತಿಪತ್ನಿಯರಿಬ್ಬರೂ ಜೈನರಾಗಿದ್ದ ಮನೆತನಗಳುಂಟು. 1121ರಲ್ಲಿ ಲಕ್ಷ್ಮೀದೇವಿಯು ಸಮಾಧಿಯಿಂದ ಮೃತಳಾದಾಗ ಗಂಗರಾಜನು ಬೆಳಗೊಳದಲ್ಲಿ ಅವಳಿಗೆ ನಿಸಿಧಿಯನ್ನು ನಿಲ್ಲಿಸಿದನು.

ಅನ್ಯದೇಶಗಳ ಮತಗಳೂ ಈ ಕಷ್ಟವನ್ನು ಎದುರಿಸಿದುವು. ಸಂತ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ನಂಬದ ಪತ್ನಿಯು ಕೂಡಿ ಬಾಳಲು ಒಪ್ಪಿದರೆ ಅವಳನ್ನು ಬಿಡಬಾರದೆಂದು ಹೇಳಿದನು. ಆದರೆ ಮುಂದೆ ಕ್ಯಾಥೊಲಿಕ್ ಧರ್ಮಸಭೆಯು ಸ್ನಾನದೀಕ್ಷೆಯಿಲ್ಲದವರೊಡನೆ ವಿವಾಹಕ್ಕೆ ವಿಶೇಷಾನುಮತಿಯನ್ನು ವಿಧಿಸಿತು. ಕುರಾನು ಗ್ರಂಥಾನುಯಾಯಿಗಳಾದ ಯಹೂದ್ಯ ಕ್ರೈಸ್ತ ಸ್ತ್ರೀಯರನ್ನು ಮುಸಲ್ಮಾನ ಪುರುಷನು ವರಿಸಬಹುದೆನ್ನುತ್ತದೆ. ಅವಳು ತನ್ನ ಮತದಲ್ಲಿಯೇ ಇರಬಹುದು. ಇವೆರಡರಲ್ಲಿಯೂ ಅನುಮತಿಗೆ ಮೇರೆಯುಂಟು.

ಆಂಗ್ಲರ ಆಡಳಿತದಲ್ಲಿ ಈ ಪ್ರಶ್ನೆಯು ಕಾಯಿದೆಯ ರೂಪವನ್ನು ತಾಳಿತು. ಕೇಶವಚಂದ್ರ ಸೇನರ ಬ್ರಾಹ್ಮಸಮಾಜದವರ ಒತ್ತಾಯದಿಂದ ಹುಟ್ಟಿದ 1872ರ ಮೂರನೆಯ ಆಕ್ಟಿನಂತೆ ರಿಜಿಸ್ಟ್ರಾರರ ಮುಂದೆ ವಿವಾಹವಾಗಬಯಸುವವರು, ತಾವು ಹಿಂದೂ, ಮುಸಲ್ಮಾನ, ಕ್ರೈಸ್ತ, ಯಹೂದ್ಯ, ಪಾರ್ಸಿ, ಬೌದ್ಧ, ಸಿಖ್ಖ, ಜೈನ ಈ ಯಾವ ಮತಕ್ಕೂ ಸೇರಿದವರಲ್ಲವೆಂದು ಪ್ರಮಾಣಪತ್ರವನ್ನು ಬರೆದುಕೊಡಬೇಕಾಗಿತ್ತು. ಚಂದ್ರಮೌಳಿ ಆಚಲೆಯರು ಆ ಕಾಯಿದೆಯ ಆಶ್ರಯಕ್ಕೆ ಬಂದಿದ್ದರೆ ಅವನು ಶಿವನನ್ನೂ ಅವಳು ಪಾರ್ಶ್ವನಾಥನನ್ನೂ ಬರಹದಲ್ಲಿ ತೊರೆಯಬೇಕಾಗುತ್ತಿತ್ತು. ಹರಿಸಿಂಗ ಗೌರರು ತಂದ 1923ರ ತಿದ್ದುಪಡಿಯಿಂದ ಹಿಂದೂ, ಬೌದ್ಧ, ಸಿಖ್ಖ, ಜೈನರು ತಮ್ಮತಮ್ಮೊಳಗೆ ವಿವಾಹವಾಗುವಾಗ ಮತವನ್ನು ನಿರಾಕರಿಸಬೇಕಾದ ಅಗತ್ಯವು ತಪ್ಪಿತು. ಉಳಿದವರಿಗೆ ಆ ಸೌಕರ್ಯವು 1954ರ ವಿಶೇಷ ವಿವಾಹ ಕಾಯಿದೆಯಿಂದ ದೊರೆಯಿತು; ಯಾವ ಮತದವರಾದರೂ ತಮ್ಮ ಮತದಲ್ಲಿದ್ದುಕೊಂಡೇ ಅದರಂತೆ ವಿವಾಹವಾಗಬಹುದು. ಮರುವರ್ಷ, 1955ರಲ್ಲಿ, ಜಾರಿಗೆ ಬಂದ ಹಿಂದೂ ವಿವಾಹ ಕಾಯಿದೆಯು ಬೌದ್ಧ, ಜೈನ, ಸಿಖ್ಖರಿಗೂ ಅನ್ವಯಿಸುವುದರಿಂದ, ಶೈವ ಬ್ರಾಹ್ಮಣನೊಬ್ಬನು ಜಿನಭಕ್ತೆಯನ್ನು ಧಾರೆಯೆರೆಸಿಕೊಂಡು ಮದುವೆಯಾಗುವುದಕ್ಕೆ ಈಗ ರಿಜಿಸ್ಟ್ರಾರರ ಕಚೇರಿಗೆ ಹೋಗಲೇಬೇಕೆಂಬ ನಿರ್ಬಂಧವೂ ಇಲ್ಲ.