ಸಯನೋಬ್ಯಾಕ್ಟೀರಿಯ: ಉಷ್ಣವಲಯದಲ್ಲಿ ಶೋಧ ಮತ್ತು ವರ್ಗೀಕರಣ

ಬಿಸಿಲಿನ ಬಲದಿಂದ ಆಹಾರ ತಯಾರಿಸಿಕೊಂಡು ಆಮ್ಲಜನಕ ಹೊರಬಿಡುವ ಬ್ಯಾಕ್ಟೀರಿಯಗಳು. ಹಳೆಯ ಸಸ್ಯಶಾಸ್ತ್ರ ಗ್ರಂಥಗಳಲ್ಲಿ ಇವಕ್ಕೆ ನೀಲಿ-ಹಸಿರು ಶೈವಲ ಎಂಬ ಹೆಸರಿದೆ; ಜನ ಪಾಚಿ, ಹಾವಸೆ ಎನ್ನುತ್ತಾರೆ. ಬೆಂಗಳೂರಿನ ಪೂರ್ವದಂಚಿನ ಕಾಡುಗೋಡಿ, ವೈಟ್‌ಫೀಲ್ಡ್ ಕಡೆ ಇವನ್ನು ಹುಡುಕಿ ದೂರ ಹೋಗಬೇಕಿಲ್ಲ. ಮಳೆಗೆ ನೆನೆದು ಕಪ್ಪಾದ ಕಾಂಪೌಂಡ್ ಗೋಡೆ, ಕೊಳಚೆ ಸೇರಿದ ಕೆರೆಯ ಹಸಿರು ಕೆನೆ, ಎರಡೂ ಇವುಗಳ ನೆಲೆ. ಹತ್ತಿರದ ವರ್ತೂರು ಕೆರೆಯ ಶೈವಲಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಇಂಥ ಕೆರೆಗಳಲ್ಲಿ ಹೆಚ್ಚುವ ಸಯನೋಬ್ಯಾಕ್ಟೀರಿಯ ಕುಲ ಮೈಕ್ರೊಸಿಸ್ಟಿಸ್‌ನ ಕೆಲವು ತಳಿಗಳು ಯಕೃತ್ತಿಗೆ ಹಾನಿ ಮಾಡುವ ವಿಷ ತಯಾರಿಸುತ್ತವೆ. ಆದ್ದರಿಂದ ಯಾವುದು ಯಾವ ಪ್ರಭೇದವೆಂದು ತಿಳಿಯುವುದು ಬರೀ ಪಂಡಿತರ ಕೆಲಸವಲ್ಲ.

ಗೋಡೆಯ ಕಪ್ಪು ಪದರವನ್ನು ಚೂರು ಕೆರೆದು ನೀರಹನಿಯಲ್ಲಿ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಳದಿ-ಕಂದು ಪೊರೆ ಹೊದ್ದ ಎಳೆಗಳು ಕಾಣುವುದುಂಟು. ಆ ಬಣ್ಣ ಅತಿನೇರಳೆ ಕಿರಣವನ್ನು ತಡೆಯುವ ಸೈಟೊನೆಮಿನ್ ವರ್ಣಕದ್ದು. ಎಳೆ ಪೊರೆಯನ್ನು ಸೀಳಿ ಜೋಡಿಯಾಗಿ ಹೊರಚಾಚಿದ್ದರೆ ಅದು ಸೈಟೊನೆಮ ಕುಲ. ಸಾರಜನಕ ಹಿಡಿದಿಡುವ ಹೆಟೆರೊಸಿಸ್ಟ್ ಕೋಶದ ಪಕ್ಕದಿಂದ ಒಂಟಿಯಾಗಿ ಹೊರಟಿದ್ದರೆ ಟಾಲಿಪೊತ್ರಿಕ್ಸ್. ಹಿಂದಿನಿಂದ ಬಂದ ಕ್ರಮ ಇದು. ಆದರೆ ನೀರಿನಲ್ಲಿ ಸಾರಜನಕದ ಲವಣ ಧಾರಾಳವಾಗಿದ್ದರೆ ಹೆಟೆರೊಸಿಸ್ಟ್ ಮೂಡುವುದೇ ಅಪರೂಪ. ಬೆಳಕು ಬದಲಾದರೆ ಪೊರೆಯ ಬಣ್ಣವೂ ಬದಲಾಗುತ್ತದೆ. ರೂಪವನ್ನೇ ನಂಬಿದವರು ಮೋಸಹೋಗುವುದು ಇಲ್ಲೇ.

ಗೊಮೋಂ (1892), ಗೈಟ್ಲರ್ (1932) ಅವರ ಯುರೋಪಿನ ಗ್ರಂಥಗಳೇ ಬಹುಕಾಲ ಆಧಾರವಾಗಿದ್ದುದರಿಂದ ಉಷ್ಣವಲಯದ ಎಷ್ಟೋ ಜೀವಿಗಳಿಗೆ ಅಲ್ಲಿನ ಹೆಸರುಗಳೇ ಅಂಟಿದವು. ನಮ್ಮ ನೆಲದ ಪ್ರಭೇದಗಳನ್ನು ಒಟ್ಟುಗೂಡಿಸಿದ ಮಹತ್ಕಾರ್ಯ ಶೈವಲತಜ್ಞ ಎಂ.ಒ.ಪಿ. ಅಯ್ಯಂಗಾರರ ಶಿಷ್ಯ ಟಿ.ವಿ. ದೇಶಿಕಾಚಾರಿ ಅವರದು. 1959ರಲ್ಲಿ ಬಂದ ಅವರ ‘ಸಯನೊಫೈಟ’ ಗ್ರಂಥವನ್ನು ಇಂದಿಗೂ ಸಂಶೋಧಕರು ತಿರುವಿಹಾಕುತ್ತಾರೆ. ಕರ್ನಾಟಕದಲ್ಲಿ ಬೊಂಗಾಳೆ ಮತ್ತು ಎಸ್.ಜಿ. ಭಾರತಿ 1980ರಲ್ಲಿ ಸಾಗುವಳಿ ಮಣ್ಣಿನ ಶೈವಲಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು.

ವರ್ಗೀಕರಣದ ತೊಡಕಿಗೆ ಸ್ಪಿರುಲಿನಾ ಒಳ್ಳೆಯ ಉದಾಹರಣೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎಲ್.ವಿ. ವೆಂಕಟರಾಮನ್ ಮತ್ತು ಸಂಗಡಿಗರು ಪ್ರೋಟೀನು ತುಂಬಿದ ಈ ಸುರುಳಿ ಎಳೆಗಳ ಕೃಷಿಯನ್ನು ಹಳ್ಳಿಗೆ ಒಗ್ಗುವಂತೆ ರೂಪಿಸಲು ಶ್ರಮಿಸಿದರು. ಸ್ಪಿರುಲಿನಾ, ಆರ್ತ್ರೊಸ್ಪೈರ ಎರಡೂ 19ನೇ ಶತಮಾನದ ಹೆಸರುಗಳು. ಗೈಟ್ಲರ್ ಎರಡನ್ನೂ ಒಂದೇ ಕುಲಕ್ಕೆ ಸೇರಿಸಿದರು. ಮುಂದೆ ಅವು ಮತ್ತೆ ಬೇರೆಯಾದವು. 1992ರಲ್ಲಿ ದೇಶಿಕಾಚಾರಿ ಮತ್ತು ಜೀಜಿ ಬಾಯಿ ಆರ್ತ್ರೊಸ್ಪೈರ ಇಂಡಿಕ ಎಂದು ವರ್ಣಿಸಿದ ಪ್ರಭೇದ 2019ರಲ್ಲಿ ಲಿಮ್ನೊಸ್ಪೈರ ಕುಲಕ್ಕೆ ಹೋಯಿತು. ಅಂಗಡಿಯ ಡಬ್ಬಿಯ ಮೇಲೆ ಮಾತ್ರ ಸ್ಪಿರುಲಿನಾ ಎಂದೇ ಇದೆ.

ಈಗಿನ ಪದ್ಧತಿಯಲ್ಲಿ ರೂಪ, ನೆಲೆ, ವಂಶವಾಹಿ ಮೂರನ್ನೂ ಒಟ್ಟಿಗೆ ತೂಗುತ್ತಾರೆ. ಮಾದರಿಯಿಂದ ಒಂದೇ ಎಳೆಯನ್ನು ಬಿಡಿಸಿ ಬಿಜಿ-11 ಪೋಷಕ ದ್ರಾವಣದಲ್ಲಿ ಬೆಳೆಸಬೇಕು. ಲೋಳೆಗೆ ಅಂಟಿದ ಬೇರೆ ಬ್ಯಾಕ್ಟೀರಿಯಗಳನ್ನು ಕಳಚುವುದರಲ್ಲೇ ತಿಂಗಳುಗಳು ಕಳೆಯುವುದುಂಟು. ಬಳಿಕ 16ಎಸ್ ಆರ್‌ಆರ್‌ಎನ್‌ಎ ಜೀನಿನ ಅಕ್ಷರಸರಣಿ ಓದುತ್ತಾರೆ. ಹತ್ತಿರದ ಪ್ರಭೇದದೊಡನೆ ಹೋಲಿಕೆ ಸುಮಾರು ಶೇಕಡ 98.7ಕ್ಕಿಂತ ಕಡಿಮೆಯಿದ್ದರೆ ಹೊಸದೆಂಬ ಅನುಮಾನ ಬಲವಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೂ ಒಂದೇ ಪ್ರಭೇದವೆಂದು ತೀರ್ಮಾನಿಸಲಾಗದು. 16ಎಸ್ ಮತ್ತು 23ಎಸ್ ಜೀನುಗಳ ನಡುವಣ ತುಣುಕು ಮಡಿಚಿಕೊಳ್ಳುವ ಬಗೆಯನ್ನೂ ನೋಡುತ್ತಾರೆ. ಹೆಸರಿಡುವಲ್ಲಿ ಇನ್ನೊಂದು ತೊಡಕು: ಸಸ್ಯನಾಮ ಸಂಹಿತೆ ಒಣಗಿಸಿದ ಅಥವಾ ಜಡಗೊಳಿಸಿದ ಮಾದರಿ ಕೇಳಿದರೆ, ಬ್ಯಾಕ್ಟೀರಿಯಗಳ ಸಂಹಿತೆ ಜೀವಂತ ಶುದ್ಧ ತಳಿ ಕೇಳುತ್ತಿತ್ತು. ಈ ಎಳೆದಾಟ 1978ರಿಂದಲೂ ನಡೆದುಬಂದಿದೆ.

ಈ ದಾರಿಯಲ್ಲೇ ಬ್ರೆಜಿಲ್‌ನಿಂದ ಬ್ರಸಿಲೊನೆಮ (2007), ಅಟ್ಲಾಂಟಿಕ್ ಮಳೆಕಾಡು ಮತ್ತು ಹವಾಯಿಯಿಂದ ಕೊಮಾರೆಕಿಯೆಲ್ಲ (2017) ಕುಲಗಳು ಬಂದವು. 2019ರಲ್ಲಿ ಭಾರತದ ಸಂಶೋಧಕರು ಹೊಸ ಕುಲವೊಂದಕ್ಕೆ ದೇಶಿಕಾಚಾರ್ಯ ಎಂದು ಹೆಸರಿಟ್ಟು, ಅದುವರೆಗೆ ನಾಸ್ಟಾಕ್ ಕುಲದ್ದೆನಿಸಿದ್ದ ಒಂದು ಪ್ರಭೇದವನ್ನೂ ಅದಕ್ಕೆ ಸೇರಿಸಿದರು. ಗುರುಗಳಿಗೆ ತಕ್ಕ ಗೌರವ ಅದು. ಬರೀ ರೂಪ ನೋಡಿ ಮಾಡಿದ ಹಳೆಯ ಪಟ್ಟಿಗಳನ್ನು ಹೀಗೆ ಪರಿಶೀಲಿಸಬೇಕಾದರೆ ಅದೇ ಕೆರೆ, ಅದೇ ಗದ್ದೆಗಳಿಂದ ಮತ್ತೆ ಮಾದರಿ ತರಬೇಕು. ಬೆಂಗಳೂರಿನ ಸುತ್ತ ಅಂಥ ಎಷ್ಟೋ ನೆಲೆಗಳು ಕೊಳಚೆ ತುಂಬಿಯೋ ಬಡಾವಣೆಯಾಗಿಯೋ ಮಾರ್ಪಟ್ಟಿರುವುದರಿಂದ, ಉಳಿದ ಕೆರೆಗಳಿಂದ ಜೀವಂತ ತಳಿಗಳನ್ನು ಈಗಲೇ ಸಂಗ್ರಹಿಸಿಡುವುದು ತುರ್ತಿನ ಕೆಲಸ.