ಎಂ.ಎಂ. ಥಾಮಸ್: ಎರಡು ಬಾಗಿಲುಗಳ ನಡುವೆ

1991ರ ಡಿಸೆಂಬರಿನ ಕೊನೆಯ ವಾರ. ಸೋವಿಯತ್ ಒಕ್ಕೂಟ ಒಡೆದುಹೋದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ನಾನು ವಚನ ಸಾಹಿತ್ಯದ ಪಾಠ ಹೇಳುತ್ತಿದ್ದೆ. ಕಾಯಕ, ದಾಸೋಹಗಳ ಮಾತು ಬಂದಾಗ ವಿದ್ಯಾರ್ಥಿಯೊಬ್ಬ ಎದ್ದುನಿಂತ. "ಶರಣರು ಹೇಳಿದ್ದನ್ನಽ ಮಾರ್ಕ್ಸ್ ಹೇಳ್ಯಾನ ಅಂತ ಹೋದ ವರ್ಷ ನೀವಽ ಹೇಳಿದ್ರಿ. ಈಗ ಅಲ್ಲಿ ಎಲ್ಲಾ ಬಿದ್ದುಹೋತು. ಹಂಗಾದ್ರ ಶರಣರ ಮಾತೂ ಬಿತ್ತೇನ್ರಿ ಸರ?" ಎಂದು ಕೇಳಿದ. ಗಂಟೆ ಬಾರಿಸಿತು. ಅದನ್ನೇ ನೆವ ಮಾಡಿಕೊಂಡು ನಾನು ಹೊರಬಿದ್ದೆ. ಆ ಪ್ರಶ್ನೆ ಮಾತ್ರ ಬೆನ್ನು ಬಿಡಲಿಲ್ಲ.

ಇಂಥ ಪ್ರಶ್ನೆಯನ್ನು ಜೀವಮಾನವಿಡೀ ಹೊತ್ತು ತಿರುಗಿದ ಒಬ್ಬ ವಿದ್ವಾಂಸರು ನಮ್ಮ ಬೆಂಗಳೂರಿನಲ್ಲಿಯೇ ಬಹುಕಾಲ ಕೆಲಸ ಮಾಡಿದ್ದರೆಂಬುದು ನನಗೆ ತಿಳಿದದ್ದು ತಡವಾಗಿ. ಅವರೇ ಎಂ.ಎಂ. ಥಾಮಸ್. ಅಂದಿನ ತಿರುವಾಂಕೂರಿನ ಮಾರ್ ತೋಮಾ ಸಭೆಯ ಕುಟುಂಬದಲ್ಲಿ 1916ರಲ್ಲಿ ಹುಟ್ಟಿದ ಅವರು ಕಾಲೇಜಿನಲ್ಲಿ ಕಲಿತದ್ದು ರಸಾಯನಶಾಸ್ತ್ರ. ದೈವಶಾಸ್ತ್ರವನ್ನೂ ಮಾರ್ಕ್ಸನನ್ನೂ ಬಹುಮಟ್ಟಿಗೆ ಸ್ವಂತ ಓದಿನಿಂದಲೇ ದಕ್ಕಿಸಿಕೊಂಡರು. ಗಾಂಧೀ ಮಾರ್ಗದಲ್ಲಿ ನಡೆಯತೊಡಗಿದ್ದ ಈ ತರುಣನಿಗೆ, ಬಡತನದ ಬೇರನ್ನು ಅರಿಯಲು ಮಾರ್ಕ್ಸನ ಸಮಾಜ ವಿಶ್ಲೇಷಣೆಯೂ ಬೇಕೆನಿಸಿತು.

1940ರ ದಶಕದ ಮೊದಲ ವರ್ಷಗಳಲ್ಲಿ ಅವರು ಎರಡು ಬಾಗಿಲುಗಳನ್ನು ತಟ್ಟಿದರು. ಪಾದ್ರಿಯ ದೀಕ್ಷೆ ಕೊಡಿರೆಂದು ತಮ್ಮ ಸಭೆಯನ್ನು ಕೇಳಿದರು. ಸದಸ್ಯತ್ವ ಕೊಡಿರೆಂದು ಕಮ್ಯುನಿಸ್ಟ್ ಪಕ್ಷವನ್ನು ಕೇಳಿದರು. ಮಾರ್ಕ್ಸ್‌ವಾದದ ಒಲವುಳ್ಳವನೆಂದು ಸಭೆ ಬೇಡವೆಂದಿತು. ಕ್ರೈಸ್ತ ಶ್ರದ್ಧೆಯುಳ್ಳವನೆಂದು ಪಕ್ಷ ಬೇಡವೆಂದಿತು. ಇನ್ನೊಬ್ಬನಾಗಿದ್ದರೆ ಒಂದು ಮನೆಯನ್ನು ಮೆಚ್ಚಿಸಲು ಇನ್ನೊಂದನ್ನು ಬಯ್ಯುತ್ತಿದ್ದನೇನೋ. ಥಾಮಸರು ಹಾಗೆ ಮಾಡಲಿಲ್ಲ. ಕೊನೆಯವರೆಗೂ ದೀಕ್ಷೆಯಿಲ್ಲದ ಗೃಹಸ್ಥರಾಗಿಯೇ ಉಳಿದು, ಎರಡೂ ಮನೆಗಳನ್ನು ಪ್ರಶ್ನಿಸುವ ಸ್ವಾತಂತ್ರ್ಯವನ್ನು ಉಳಿಸಿಕೊಂಡರು.

1957ರಲ್ಲಿ ಪಿ.ಡಿ. ದೇವಾನಂದನ್ ಅವರ ನೇತೃತ್ವದಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ ಬೆಂಗಳೂರಿನಲ್ಲಿ ಒಂದು ಕ್ರೈಸ್ತ ಸಂಸ್ಥೆ ಆರಂಭವಾಯಿತು. ಥಾಮಸರು ಅವರ ಜತೆಗಾರರಾದರು. 1962ರಲ್ಲಿ ದೇವಾನಂದನ್ ತೀರಿಕೊಂಡ ಮೇಲೆ ತಾವೇ ನಿರ್ದೇಶಕರಾಗಿ 1975ರವರೆಗೆ ಅದನ್ನು ನಡೆಸಿದರು. ಅದೇ ಕಾಲದಲ್ಲಿ, 1968ರಿಂದ 1975ರವರೆಗೆ, ವಿಶ್ವ ಚರ್ಚುಗಳ ಒಕ್ಕೂಟದ ಕೇಂದ್ರ ಸಮಿತಿಯ ಅಧ್ಯಕ್ಷರೂ ಆಗಿದ್ದರು. ದೀಕ್ಷೆ ನಿರಾಕರಿಸಲ್ಪಟ್ಟವನು ಜಗತ್ತಿನ ಬಿಷಪ್ಪರ ನಡುವೆ ಅಧ್ಯಕ್ಷಪೀಠದಲ್ಲಿ ಕುಳಿತದ್ದು ಇತಿಹಾಸದ ಒಂದು ಸೋಜಿಗ.

ಅವರ ವಿಚಾರವನ್ನು ನನ್ನ ಮಾತಿನಲ್ಲಿ ಹೀಗೆ ಹೇಳಬಹುದು. ಧರ್ಮವು ಬಡವನ ಕಣ್ಣೀರನ್ನು ಪರಲೋಕದ ಆಸೆಯಿಂದ ಒರೆಸಿ, ಆ ಕಣ್ಣೀರಿಗೆ ಕಾರಣನಾದವನನ್ನು ಮುಟ್ಟದೆ ಬಿಟ್ಟರೆ ಮಾರ್ಕ್ಸನ ಆಕ್ಷೇಪಣೆ ನ್ಯಾಯವಾದದ್ದು. ಹಿಬ್ರೂ ಪ್ರವಾದಿಗಳೂ ತಮ್ಮ ಕಾಲದ ಪೂಜಾರಿಗಳಿಗೆ ಹೀಗೆಯೇ ಛೀಮಾರಿ ಹಾಕಿದ್ದರು. ಆದರೆ ಆಸ್ತಿಯ ಹಂಚಿಕೆ ಸರಿಹೋದರೆ ಮನುಷ್ಯ ತಾನಾಗಿ ಒಳ್ಳೆಯವನಾಗುತ್ತಾನೆಂಬುದನ್ನು ಥಾಮಸರು ಒಪ್ಪಲಿಲ್ಲ. ಅಧಿಕಾರ ಹಿಡಿದ ಕೈ ನಿನ್ನೆಯ ಬಡವನದೇ ಆಗಿದ್ದರೂ, ತಾನು ಮಾಡಿದ್ದೇ ನ್ಯಾಯವೆಂಬ ಅಹಂಕಾರ ಅದಕ್ಕೆ ಅಂಟಬಲ್ಲದು. ಪಾಪವೆಂಬ ಹಳೆಯ ಶಬ್ದದಲ್ಲಿ ಅವರು ಕಂಡದ್ದು ಈ ಅಹಂಕಾರವನ್ನು. ಆದುದರಿಂದ ಕ್ರಾಂತಿಯೂ ಬೇಕು, ಕ್ರಾಂತಿಯನ್ನು ತೂಗಿ ನೋಡುವ ತಕ್ಕಡಿಯೂ ಬೇಕು. ಅವರ ಪಾಲಿಗೆ ಆ ತಕ್ಕಡಿ ಶಿಲುಬೆಯೇ ಆಗಿತ್ತು.

1971ರಲ್ಲಿ ಪ್ರಕಟವಾದ 'ಸಾಲ್ವೇಷನ್ ಅಂಡ್ ಹ್ಯೂಮನೈಸೇಷನ್' ಗ್ರಂಥದಲ್ಲಿ ಅವರು ಮೋಕ್ಷವನ್ನೂ ಮಾನವೀಕರಣವನ್ನೂ ಒಟ್ಟಿಗೆ ಇಟ್ಟು ವಿಚಾರಿಸಿದರು. ಮೋಕ್ಷವನ್ನು ಸಮಾಜಸೇವೆಗೆ ಇಳಿಸಿದರೆಂಬ ಆಕ್ಷೇಪ ಬಂದಿತು. ಬಿಷಪ್ ಲೆಸ್ಲಿ ನ್ಯೂಬಿಗಿನ್ ಅವರೊಡನೆ ಪತ್ರಗಳಲ್ಲಿ ನಡೆದ ವಾದವು, ಸ್ನೇಹ ಕೆಡಿಸಿಕೊಳ್ಳದೆ ವಾದಿಸುವುದು ಹೇಗೆಂಬುದಕ್ಕೆ ಮಾದರಿಯಾಗಿದೆ.

ನಿಜವಾದ ಪರೀಕ್ಷೆ ಬಂದದ್ದು 1975ರ ಜೂನ್ ತಿಂಗಳಲ್ಲಿ, ತುರ್ತುಪರಿಸ್ಥಿತಿಯ ರೂಪದಲ್ಲಿ. ಬಡವರ ಏಳಿಗೆಯ ಹೆಸರಿನಲ್ಲಿಯೇ ನಾಗರಿಕರ ಬಾಯಿಗೆ ಬೀಗ ಬಿದ್ದಿತು. ಭಾರತೀಯ ಕಮ್ಯುನಿಸ್ಟ್ ಪಕ್ಷ ಅದನ್ನು ಬೆಂಬಲಿಸಿತು. ಚರ್ಚಿನ ಹಿರಿಯರಲ್ಲಿ ಹಲವರು ಮೌನ ತಾಳಿದರು. ಹಿಂದೆ ಬಾಗಿಲು ಮುಚ್ಚಿದ್ದ ಪಕ್ಷ ಆ ಪರೀಕ್ಷೆಯಲ್ಲಿ ತಪ್ಪಿತು. ಥಾಮಸರು ಮದರಾಸಿನ 'ಗಾರ್ಡಿಯನ್' ವಾರಪತ್ರಿಕೆಯಲ್ಲಿ ನಿರಂಕುಶತೆಯನ್ನು ವಿರೋಧಿಸಿ ಬರೆದರು. ರೊಟ್ಟಿಗಾಗಿ ಸ್ವಾತಂತ್ರ್ಯವನ್ನು ಒತ್ತೆ ಇಟ್ಟವನಿಗೆ ರೊಟ್ಟಿಯ ಲೆಕ್ಕ ಕೇಳುವ ಹಕ್ಕೂ ಉಳಿಯುವುದಿಲ್ಲ. ಆ ನಿಲುವಿನಿಂದ ನಾನು ಕಲಿತ ಪಾಠ ಇದು. 1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾದಾಗಲೂ ಅವರ ಸ್ವತಂತ್ರ ಬುದ್ಧಿ ಮಾಸಲಿಲ್ಲ. 1992ರಲ್ಲಿ ಮುಖ್ಯಮಂತ್ರಿಯ ಸಲಹೆಯಂತೆ, ಕೇಂದ್ರವನ್ನು ಕೇಳದೆ, ವಿಧಾನಸಭೆಯನ್ನು ವಿಸರ್ಜಿಸಿದರು, ಪದವಿ ಹೋಯಿತು. ಅವರು ತೀರಿಕೊಂಡದ್ದು 1996ರಲ್ಲಿ.

ಧಾರವಾಡದವರಾದ ನಮಗೆ ಇಂಥ ನಡೆ ತೀರ ಅಪರಿಚಿತವೇನಲ್ಲ. ಇದೇ ಊರಿನಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಯಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿದರು. ಶರಣರ ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥ ಬರೆದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಥಾಮಸರಾದರೋ ರಾಮಮೋಹನ ರಾಯ್, ವಿವೇಕಾನಂದ, ಗಾಂಧೀಜಿ ಮೊದಲಾದವರು ಕ್ರಿಸ್ತನನ್ನು ಕಂಡ ಬಗೆಯನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ರಚಿಸಿದರು. ತನ್ನ ಮನೆಯ ದೀಪ ಆರಿಸದೆ ನೆರೆಮನೆಯ ಬೆಳಕನ್ನು ಕಾಣುವ ಗುಣ ಇಬ್ಬರಲ್ಲಿಯೂ ಇತ್ತು.

ಇನ್ನು ಆ ವಿದ್ಯಾರ್ಥಿಯ ಪ್ರಶ್ನೆ. ತಪ್ಪು ಅವನದಲ್ಲ, ನನ್ನದು. ಶರಣರೂ ಮಾರ್ಕ್ಸನೂ ಒಂದೇ ಎಂದು ಹೇಳಿ ಇಬ್ಬರಿಗೂ ನಾನು ಅನ್ಯಾಯ ಮಾಡಿದ್ದೆ. ಥಾಮಸರು ಮಾರ್ಕ್ಸನನ್ನೂ ಕ್ರಿಸ್ತನನ್ನೂ ಒಂದು ಮಾಡಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಮುಂದಿಟ್ಟು ಕೇಳಿದರು. ರಾಜ್ಯ ಬಿದ್ದುದರಿಂದ ಮಾತು ಬೀಳುವುದಿಲ್ಲ. ಕಲ್ಯಾಣದಲ್ಲಿಯೂ ಶರಣರು ಸೋತು ದಿಕ್ಕುಪಾಲಾದವರೇ. ಚನ್ನಬಸವಣ್ಣನವರೊಡನೆ ಒಂದು ತಂಡ ಉಳವಿಯ ಕಾಡು ಸೇರಿತೆಂದು ನಮ್ಮ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಆದರೂ ದುಡಿಯುವವನ ಘನತೆಯ ಪ್ರಶ್ನೆ ಕಲ್ಯಾಣದೊಂದಿಗೆ ಮುಗಿಯಲಿಲ್ಲ, ಮಾಸ್ಕೋದೊಂದಿಗೂ ಮುಗಿದಿಲ್ಲ.

ಆ ಹುಡುಗ ಈಗ ಐವತ್ತು ದಾಟಿರಬೇಕು. ಈ ಮಾತು ಅವನ ಕಿವಿಗೆ ಬಿದ್ದರೆ, ಅಂದು ಗಂಟೆಯ ನೆವದಲ್ಲಿ ಉಳಿಸಿಕೊಂಡ ಸಾಲವನ್ನು ಇಷ್ಟಾದರೂ ತೀರಿಸಿದಂತಾಗುತ್ತದೆ.