ನೀರಿಲ್ಲದ ಊರಿನಲ್ಲಿ ದೋಣಿಯ ಯಂತ್ರ

ಬೆಂಗಳೂರಿಗೆ ಸಮುದ್ರವಿಲ್ಲ, ದೋಣಿ ತೇಲಿಸುವಂಥ ನದಿಯೂ ಇಲ್ಲ. ಇಂಥ ಊರಿನ ನಡುಮಧ್ಯದಲ್ಲಿ, ಅದರಲ್ಲಿಯೂ ಸಿನಿಮಾ ಹಂಚಿಕೆದಾರರ ಕಚೇರಿಗಳಿಗೂ ವಸತಿಗೃಹಗಳಿಗೂ ಹೆಸರಾದ ಗಾಂಧಿನಗರದಲ್ಲಿ ಕುಳಿತು, ದೋಣಿಯ ಯಂತ್ರವೊಂದರ ಚರಿತ್ರೆಯನ್ನು ಬರೆಯಹೊರಟಿದ್ದೇನೆಂದರೆ ಓದುಗರಿಗೆ ಸೋಜಿಗವಾದೀತು. ಆದರೆ ಗಾಂಧಿನಗರದ ಪಕ್ಕದಲ್ಲೇ ಒಂದು ಕಾಲಕ್ಕೆ ತುಂಬಿದ ಕೆರೆಯೊಂದಿತ್ತೆಂಬುದನ್ನು ನೆನೆದರೆ ಈ ಸೋಜಿಗ ಅರ್ಧಕ್ಕರ್ಧ ಕಡಮೆಯಾಗುತ್ತದೆ. ಇಂದು ಕೆಂಪೇಗೌಡ ಬಸ್ ನಿಲ್ದಾಣವಿರುವ ಜಾಗವೇ ಧರ್ಮಾಂಬುಧಿ ಕೆರೆಯ ಅಂಗಳ.

1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿದ ಕೆಂಪೇಗೌಡರ ವಂಶದವರಿಗೆ, ಹೊಳೆಯಿಲ್ಲದ ಈ ಎತ್ತರದ ನೆಲದಲ್ಲಿ ಕೆರೆಗಳನ್ನು ಕಟ್ಟಿಸದೆ ಗತಿಯಿರಲಿಲ್ಲ. ಕೆಂಪಾಂಬುಧಿ, ಧರ್ಮಾಂಬುಧಿ, ಸಂಪಂಗಿ ಎಂಬ ಹೆಸರುಗಳೆಲ್ಲ ಆ ಕಾಲದ ದೂರದೃಷ್ಟಿಯನ್ನು ನೆನಪಿಗೆ ತರುತ್ತವೆ. ಧರ್ಮಾಂಬುಧಿಯ ನೀರು ಪೇಟೆಯ ಜನಕ್ಕೆ ತಲೆಮಾರುಗಳ ಕಾಲ ಒದಗಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1896ರಲ್ಲಿ, ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳವೆಗಳ ಮೂಲಕ ಊರಿಗೆ ಬಂದಿತು. ಮನೆಯ ಬಾಗಿಲಿಗೇ ಕೊಳಾಯಿ ಬಂದ ಮೇಲೆ ಕೆರೆಯ ಚಿಂತೆ ಯಾರಿಗೆ? ಧರ್ಮಾಂಬುಧಿ ಬತ್ತಿತು, ಅದರ ಅಂಗಳ ಸಭೆಗಳ ಮೈದಾನವಾಯಿತು, ಕಡೆಗೆ ಬಸ್ಸುಗಳ ತಂಗುದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಮೆಜೆಸ್ಟಿಕ್ಕಿನ ಬದಿಯಲ್ಲಿ 'ಟ್ಯಾಂಕ್ ಬಂಡ್ ರಸ್ತೆ' ಎಂಬ ಫಲಕ ಈಗಲೂ ಉಂಟು. ಕೆರೆ ಹೋಯಿತು, ಏರಿಯ ಹೆಸರು ಉಳಿಯಿತು.

ಇನ್ನು ಯಂತ್ರದ ಮಾತು. ಚಿಕ್ಕಪೇಟೆಯ ಬಳಿ ಭಾನುವಾರಗಳಂದು ಹಳೆಯ ಸಾಮಾನುಗಳ ಸಂತೆ ಸೇರುವುದನ್ನು ಅನೇಕರು ಬಲ್ಲರು. ಕೈಮುರಿದ ಗಡಿಯಾರ, ಗ್ರಾಮಫೋನಿನ ಕಹಳೆ, ಹೊಲಿಗೆ ಯಂತ್ರದ ತಲೆ, ಎಲ್ಲವೂ ಅಲ್ಲಿ ನೆಲದ ಮೇಲೆ ಹರಡಿರುತ್ತವೆ. ಅಲ್ಲಿ ನನಗೆ ಸಿಕ್ಕಿದ್ದು ಉದ್ದ ಕಾಲಿನ, ತಲೆಯ ಮೇಲೆ ಹಿತ್ತಾಳೆಯ ಡಬ್ಬಿ ಹೊತ್ತ ವಿಚಿತ್ರ ವಸ್ತು. ಬುಡದಲ್ಲಿ ಐದು ದಳದ ಹೂವಿನಂಥ ಪಂಖ. ಮಂಗಳೂರಿನ ಕಡೆಯಿಂದ ಬಂದ ಗುಜರಿ ಲಾರಿಯಲ್ಲಿ ಇತ್ತೆಂದು ಮಾರುವವನು ಹೇಳಿದ. ಬೆಲೆ ಕೇಳಿದರೆ ಅವನು ತಕ್ಕಡಿಗೆ ಹಾಕಿದ. ಹದಿನೇಳು ಕಿಲೊಗಿಂತ ತುಸು ಹೆಚ್ಚು ತೂಗಿತು. ಕಬ್ಬಿಣಕ್ಕೆ ಇಷ್ಟು, ಹಿತ್ತಾಳೆಗೆ ಇಷ್ಟು, ಅಲ್ಯುಮಿನಿಯಮ್ಮಿಗೆ ಇಷ್ಟು ಎಂದು ಲೆಕ್ಕ ಹಾಕಿ ದುಡ್ಡು ತೆಗೆದುಕೊಂಡ. ಅದು ಬ್ರಿಟಿಷ್ ಸೀಗಲ್ ಎಂಬ ದೋಣಿಯ ಯಂತ್ರ, 'ಫಾರ್ಟಿ ಪ್ಲಸ್' ಮಾದರಿ. ಕವಚದ ಮೇಲೆ ಒತ್ತಿದ ಸಂಖ್ಯೆಯ ಕೊನೆಯಲ್ಲಿರುವ ಅಕ್ಷರ ತಿಂಗಳನ್ನೂ ಅಂಕಿ ವರ್ಷವನ್ನೂ ಸೂಚಿಸುವುದು ಆ ಕಂಪೆನಿಯ ಪದ್ಧತಿ. ಅದರಂತೆ ಇದು ಹುಟ್ಟಿದ್ದು 1967ರ ಮಾರ್ಚಿಯಲ್ಲಿ.

ದೋಣಿಯ ಹಿಂಬದಿಯ ಹಲಗೆಗೆ ಹೊರಗಡೆಯಿಂದ ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಹೆಗಲ ಮೇಲೆ ಹೊತ್ತು ಮನೆಗೆ ತರಬಹುದಾದ ಯಂತ್ರಕ್ಕೆ ಔಟ್‌ಬೋರ್ಡ್ ಎಂದು ಹೆಸರು. ಅದಕ್ಕಿಂತ ಹಿಂದೆ ಯಂತ್ರವೆಂದರೆ ದೋಣಿಯ ಹೊಟ್ಟೆಯೊಳಗೇ ಕೂರಬೇಕಿತ್ತು. ಬಡವನ ಸಣ್ಣ ದೋಣಿಯಲ್ಲಿ ಅದಕ್ಕೆ ಸ್ಥಳವೆಲ್ಲಿ? ಅಮೆರಿಕದಲ್ಲಿ ಕ್ಯಾಮೆರಾನ್ ವಾಟರ್‌ಮನ್ ಎಂಬಾತ 1905ರಲ್ಲಿ ಇಂಥದೊಂದನ್ನು ಪರೀಕ್ಷಿಸಿ ನೋಡಿದ. ಆದರೆ ಜನರ ಕೈಗೆ ಅದನ್ನು ತಲಪಿಸಿದ ಕೀರ್ತಿ ಓಲೆ ಎವಿನ್‌ರೂಡ್‌ಗೆ ಸಲ್ಲಬೇಕು. ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆಹೋದ ಮನೆತನದವನು ಆತ. ಕಡು ಬೇಸಗೆಯಲ್ಲಿ, ಕೆರೆಯ ಈ ದಡದಲ್ಲಿದ್ದ ತನ್ನ ಹುಡುಗಿಗಾಗಿ ಆಚೆ ದಡದಿಂದ ಐಸ್‌ಕ್ರೀಮು ತರಲು ಹುಟ್ಟು ಹಾಕಿದನೆಂದೂ, ಮರಳುವ ಹೊತ್ತಿಗೆ ಅದು ಕರಗಿ ನೀರಾಗಿತ್ತೆಂದೂ, ಆ ಹಠದಿಂದಲೇ ಯಂತ್ರ ಹುಟ್ಟಿತೆಂದೂ ಕಥೆ ಹೇಳುತ್ತಾರೆ. ಕಥೆ ಹಾಗಿರಲಿ, 1909ರಲ್ಲಿ ಆತ ಮಾಡಿದ ಯಂತ್ರಕ್ಕೆ ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೊ. ಜಾನ್ಸನ್ ಸಹೋದರರು 1920ರ ದಶಕದ ಮೊದಲಲ್ಲಿ ತೂಕವನ್ನು 16 ಕಿಲೊಗೆ ಇಳಿಸಿ ಶಕ್ತಿಯನ್ನು ಎರಡಕ್ಕೆ ಏರಿಸಿದರು. ಎವಿನ್‌ರೂಡ್ ಹೆಸರಿನ ಯಂತ್ರಗಳು ಬೇರೆ ಬೇರೆ ಒಡೆಯರ ಕೈಯಲ್ಲಿ 2020ರವರೆಗೂ ತಯಾರಾದವು.

ಇಂಗ್ಲೆಂಡಿನ ಸೀಗಲ್ ಹುಟ್ಟಿದ್ದು 1931ರಲ್ಲಿ, ವುಲ್ವರ್‌ಹ್ಯಾಂಪ್ಟನ್ನಿನ ಮಾರ್ಸ್ಟನ್ ಕಾರ್ಖಾನೆಯಲ್ಲಿ. ಆಮೇಲೆ ಅದು ಕಡಲತೀರದ ಪೂಲ್ ಪಟ್ಟಣಕ್ಕೆ ಹೋಗಿ ನೆಲಸಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಹತ್ತು ಸಾವಿರಕ್ಕೆ ಕಡಮೆಯಿಲ್ಲದಂತೆ ಈ ಯಂತ್ರಗಳನ್ನು ಕೊಂಡಿತು. ಅಂದಚಂದ ಇದಕ್ಕೆ ಇಲ್ಲ. ಎಂಜಿನ್ನು, ಅದರಿಂದ ಇಳಿದ ಮೂರು ಕೊಳವೆ, ಬುಡದಲ್ಲಿ ಗಿಯರ್ ಪೆಟ್ಟಿಗೆ, ಎಲ್ಲವೂ ಬಯಲಿಗೇ ಕಾಣುತ್ತವೆ. ಒಂದು ಕೊಳವೆಯಲ್ಲಿ ಪಂಖವನ್ನು ತಿರುಗಿಸುವ ದಂಡ. ಇನ್ನೊಂದರಲ್ಲಿ ಎಂಜಿನ್ನನ್ನು ತಣಿಸಲು ಮೇಲಕ್ಕೇರುವ ನೀರು. ಮತ್ತೊಂದರಲ್ಲಿ ಕೆಳಕ್ಕಿಳಿಯುವ ಹೊಗೆ. ಮೀನುಗಾರ, ಅಂಬಿಗ, ಸಿಪಾಯಿ, ಯಾರು ಬೇಕಾದರೂ ನಾಲ್ಕು ಸ್ಪಾನರುಗಳಿಂದ ಬಿಚ್ಚಿ ಜೋಡಿಸಬಹುದೆಂಬುದೇ ಇದರ ಹೆಗ್ಗಳಿಕೆ. 1990ರ ದಶಕದಲ್ಲಿ ತಯಾರಿಕೆ ನಿಂತಿತು.

ನಮ್ಮ ಕರಾವಳಿಗೆ ಯಂತ್ರ ಬಂದ ಬಗೆಯೂ ಕುತೂಹಲಕರ. ಹಾಯಿ, ಹುಟ್ಟು, ತೀರದಿಂದ ಊರಿಗೆ ಊರೇ ಕೂಡಿ ಎಳೆಯುವ ರಂಪಣಿ ಬಲೆ, ಇವೇ ಅಲ್ಲಿಯ ಹಳೆಯ ಸಲಕರಣೆಗಳು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಒಪ್ಪಂದವಾಗಿ ಕೇರಳದ ಕೊಲ್ಲಂ ಬಳಿ ಯಂತ್ರದ ದೋಣಿಗಳ ಯೋಜನೆ ಮೊದಲಾಯಿತು. 1960ರ ದಶಕದಲ್ಲಿ ಅದು ನಮ್ಮ ಕಾರವಾರಕ್ಕೂ ಹಬ್ಬಿತು. ಎವಿನ್‌ರೂಡ್ ಹುಟ್ಟಿದ ನಾಡಿನವರೇ ನಮ್ಮ ಕಡಲಿಗೂ ಯಂತ್ರ ತಂದರೆಂಬುದು ಕಾಕತಾಳೀಯವಾದರೂ ನೆನಪಿಡತಕ್ಕ ಸಂಗತಿ. 1970ರ ದಶಕದಲ್ಲಿ ದೊಡ್ಡ ಪರ್ಸೀನ್ ಬೋಟುಗಳು ಬಂದಾಗ ರಂಪಣಿಯ ಕಾಲ ಮುಗಿಯುತ್ತ ಬಂದಿತು. ಆಗ ಸಣ್ಣ ಮೀನುಗಾರರು ತಮ್ಮ ನಾಡದೋಣಿಗಳನ್ನು ಉಳಿಸಿಕೊಂಡದ್ದು ಔಟ್‌ಬೋರ್ಡ್ ಯಂತ್ರಗಳಿಂದ. ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಜಪಾನೀ ಯಂತ್ರಗಳು ಮನೆಮಾತಾದವು. ಅವುಗಳ ಮುಂದೆ ನನ್ನ ಸೀಗಲ್ ಮುದುಕ. ಮೂರು ಅಶ್ವಶಕ್ತಿಯ ಆಸುಪಾಸಿನದು, ಅಳಿವೆಯಲ್ಲೋ ಹಿನ್ನೀರಿನಲ್ಲೋ ದುಡಿಯುವುದಕ್ಕೆ ತಕ್ಕದ್ದು.

ಅದು ಹಾಗೆಯೇ ದುಡಿದಿತ್ತೆಂಬುದು ಬಿಚ್ಚಿದಾಗ ತಿಳಿಯಿತು. ಪಂಖದ ಹಿಂದೆ ಬಲೆಯ ನೈಲಾನ್ ನೂಲು ಗಂಟುಗಂಟಾಗಿ ಸುತ್ತಿಕೊಂಡಿತ್ತು. ಎಂಜಿನ್ನಿನ ಸುತ್ತ ನೀರು ಹರಿಯುವ ಸಂದಿನಲ್ಲಿ ಉಪ್ಪು ಸುಣ್ಣದಂತೆ ಗಟ್ಟಿಕಟ್ಟಿತ್ತು. ಹಿತ್ತಾಳೆಯ ಟ್ಯಾಂಕಿಗೆ ತಗಡಿನ ತೇಪೆ ಬೆಸುಗೆಯಾಗಿತ್ತು. ಒಳಗಿನ ಎರಡು ಕಂಚಿನ ಬುಷ್‌ಗಳಲ್ಲಿ ಒಂದರ ಬಣ್ಣವೇ ಬೇರೆ. ಯಾರೋ ಕುಶಲಿ ಅದನ್ನು ಹಿಂದೆಯೇ ಕಡೆದು ಕೂರಿಸಿದ್ದ. ಶಾಸನ ಓದುವವರು ಅಕ್ಷರದ ಸವೆತದಿಂದ ಕಾಲವನ್ನು ಊಹಿಸುತ್ತಾರಲ್ಲ, ಅದೇ ಬಗೆಯ ಓದು ಇದು.

ಇಂಥ ರಿಪೇರಿಗೆ ಬೆಂಗಳೂರಿಗಿಂತ ಅನುಕೂಲವಾದ ಊರು ಸಿಕ್ಕದು. ಸಮುದ್ರವಿಲ್ಲದಿದ್ದರೇನು, ಕೈಕೆಲಸ ಬಲ್ಲವರಿದ್ದಾರೆ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಒಂದೊಂದಾಗಿ ಬಂದ ಕಾರ್ಖಾನೆಗಳು ಸಾವಿರಾರು ಫಿಟ್ಟರುಗಳನ್ನೂ ಟರ್ನರುಗಳನ್ನೂ ತಯಾರುಮಾಡಿದವು. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳು, ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುವ ಎರಡು ಹೊಡೆತದ ಎಂಜಿನ್ನಿನ ಗುಣದೋಷವನ್ನು ನಮ್ಮ ಬೀದಿಬೀದಿಯ ಮೆಕ್ಯಾನಿಕ್ಕುಗಳಿಗೆ ಕಲಿಸಿದವು. ಸೀಗಲ್ಲಿನದೂ ಅದೇ ಜಾತಿಯ ಎಂಜಿನ್ನು. ಕಡಲನ್ನೇ ಕಾಣದವರು ಕಡಲಿನ ಯಂತ್ರವನ್ನು ಬಲ್ಲವರಾದದ್ದು ಹೀಗೆ.

ನನಗೆ ನೆರವಾದವರು ಕಾರ್ಖಾನೆಯಿಂದ ನಿವೃತ್ತರಾದ ಹಿರಿಯ ಫಿಟ್ಟರೊಬ್ಬರು. ಎಪ್ಪತ್ತು ದಾಟಿದ ವಯಸ್ಸು. ಬೆರಳು ಮಾತ್ರ ಇಪ್ಪತ್ತರದು. ಉಪ್ಪಿಗೆ ಕಚ್ಚಿಕೊಂಡಿದ್ದ ಬೋಲ್ಟುಗಳಿಗೆ ನಾನು ಸ್ಪಾನರು ಹಿಡಿದುದನ್ನು ಕಂಡು ಅವರು, "ಸ್ವಾಮೀ, ಇದೇನು ಗರಡಿಮನೆಯೇ? ಬಿಸಿ ಮಾಡಿ, ಎಣ್ಣೆ ಕುಡಿಸಿ, ನಾಳೆ ಬನ್ನಿ" ಎಂದರು. ಆ ನಾಳೆ ಒಂಬತ್ತು ದಿನ ನಡೆಯಿತು. ದಿನಕ್ಕೊಂದು ಬೋಲ್ಟು ಮಣಿಯುತ್ತ ಬಂದು, ಒಂದೂ ಮುರಿಯದೆ ಎಲ್ಲವೂ ಹೊರಬಂದವು.

ಸವೆದ ಬುಷ್‌ಗಳನ್ನು ಕಲಾಸಿಪಾಳ್ಯದ ಲೇತೊಂದರಲ್ಲಿ ಹೊಸದಾಗಿ ಕಡೆಸಿದೆವು. ಲೇತಿನ ಮೈಮೇಲೆ ಎಚ್.ಎಂ.ಟಿ. ಎಂಬ ಅಕ್ಷರಗಳಿದ್ದವು. ಈ ಬುಷ್‌ಗಳಲ್ಲಿ ಒಂದು ಸೂಕ್ಷ್ಮವುಂಟು. ಈ ಕಾಲದ ಎಂಜಿನ್ನುಗಳಲ್ಲಿರುವ ರಬ್ಬರ್ ಸೀಲುಗಳು ಇದರಲ್ಲಿಲ್ಲ. ಬುಷ್ ಮತ್ತು ದಂಡದ ನಡುವಣ ಎಣ್ಣೆಯ ಪದರವೇ ಗಾಳಿ ಸೋರದಂತೆ ತಡೆಯಬೇಕು. ಆದ್ದರಿಂದಲೇ ಹತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೆರೆಸಬೇಕೆಂಬ ನಿಯಮ. ಜಾವಾಕ್ಕೆ ಇದರ ಅರ್ಧದಷ್ಟೂ ಎಣ್ಣೆ ಬೇಡ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊದಲ್ಲಿ ಸುರುಳಿ ಸರಿಯಾಗಿತ್ತು, ಕಂಡೆನ್ಸರು ಮಾತ್ರ ಸತ್ತಿತ್ತು. ಜೆ.ಸಿ. ರಸ್ತೆಯಲ್ಲಿ ಕೊಂಡ ಸ್ಕೂಟರಿನ ಕಂಡೆನ್ಸರು ಅಲ್ಲಿ ಬಂದು ಕುಳಿತಿತು. 18 ಮಿಲಿಮೀಟರಿನ ದಪ್ಪ ಪ್ಲಗ್ಗು ಅದೇ ರಸ್ತೆಯ ಅಂಗಡಿಯ ಅಟ್ಟದಲ್ಲಿ, ಹಳೆಯ ಲಾರಿಗಳ ಕಾಲದ ಸರಕಿನ ನಡುವೆ ದೊರೆಯಿತು. ಕಿಡಿಯ ಅಂತರ ಅಂಗುಲದ ಸಾವಿರದಲ್ಲಿ ಇಪ್ಪತ್ತು ಭಾಗ. ಪ್ಲಗ್ಗಿಗೂ ಪಾಯಿಂಟಿಗೂ ಒಂದೇ ಅಳತೆ. ಬುಡದ ಗಿಯರ್ ಪೆಟ್ಟಿಗೆಯೊಳಕ್ಕೆ ಕೊಂಚ ನೀರು ಸೇರಿಯೇ ಸೇರುತ್ತದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಕಿಲ್ಲ, ಬಗ್ಗಿಸಿ ಹೊಸ ಎಣ್ಣೆ ಹಾಕಿದರಾಯಿತು.

ಹಿತ್ತಿಲಿನಲ್ಲಿ ತಗಡಿನ ಪೀಪಾಯಿಗೆ ನೀರು ತುಂಬಿ, ಅಂಚಿಗೆ ಹಲಗೆ ಬಿಗಿದು ಯಂತ್ರವನ್ನು ಸಿಕ್ಕಿಸಿದೆವು. ಬುಗುರಿಗೆ ಚಾಟಿ ಸುತ್ತುವಂತೆ ಮೇಲಿನ ಚಕ್ರಕ್ಕೆ ಹಗ್ಗ ಸುತ್ತಿ ಎಳೆಯಬೇಕು. ಆರನೆಯ ಎಳೆತಕ್ಕೆ ಅದು ಕೆಮ್ಮಿತು, ಒಂಬತ್ತನೆಯದಕ್ಕೆ ಹಿಡಿಯಿತು. ಕ್ಲಚ್ಚಿಲ್ಲದ ಮಾದರಿಯಾದ್ದರಿಂದ ಆ ಕ್ಷಣಕ್ಕೇ ಪಂಖ ತಿರುಗಿ ಪೀಪಾಯಿಯ ನೀರೆಲ್ಲ ಮೇಲೆದ್ದಿತು. ಸಣ್ಣ ರಂಧ್ರದಿಂದ ಬೆಚ್ಚನೆಯ ನೀರು ಚಿಮ್ಮಿದಾಗ ಫಿಟ್ಟರು ಕೈಯೊಡ್ಡಿ ನೋಡಿ, "ಉಸಿರಾಡ್ತಿದೆ" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ಹಲಸೂರಿನಲ್ಲೋ ಸ್ಯಾಂಕಿ ಕೆರೆಯಲ್ಲೋ ಇದನ್ನು ಓಡಿಸಬಾರದೇ ಎಂದು ಗೆಳೆಯರು ಕೇಳುತ್ತಾರೆ. ಕೂಡದು ಎಂಬುದೇ ನನ್ನ ಉತ್ತರ. ಹತ್ತಕ್ಕೊಂದು ಬೆರೆಸಿದ ಎಣ್ಣೆಯಲ್ಲಿ ಸುಡದೆ ಉಳಿದ ಪಾಲು ಹೊಗೆಯೊಡನೆ ನೇರವಾಗಿ ನೀರಿಗೇ ಇಳಿಯುತ್ತದೆ. ವಿಶಾಲವಾದ ಅಳಿವೆ ಒಂದು ಕಾಲಕ್ಕೆ ಅದನ್ನು ಹೇಗೋ ತಡೆದುಕೊಂಡಿರಬಹುದು. ಅಳಿದುಳಿದ ನಮ್ಮ ಕೆರೆಗಳ ಮೇಲೆ ಅಂಥ ಹೊರೆ ಹೊರಿಸುವುದು ನ್ಯಾಯವಲ್ಲ. ಯಂತ್ರ ಉಳಿಯಬೇಕೆಂಬ ಆಸೆಗೆ ಕೆರೆಯನ್ನು ತೆರಬಾರದು. ಅದು ಪೀಪಾಯಿಯಲ್ಲೇ ತಿಂಗಳಿಗೊಮ್ಮೆ ಉಸಿರಾಡಿಕೊಂಡಿರಲಿ.

ಇಷ್ಟೆಲ್ಲ ಆದ ಮೇಲೆ ಒಂದು ಮಾತು ಮನಸ್ಸಿನಲ್ಲಿ ನಿಂತಿದೆ. ಈ ಯಂತ್ರ ಮತ್ತೆ ತಿರುಗಿದ್ದು ಅದರ ಒಂದೊಂದು ಭಾಗಕ್ಕೂ ಅಳತೆ ಉಂಟೆಂಬುದರಿಂದ, ಆ ಅಳತೆಗೆ ತಕ್ಕಂತೆ ಕಡೆಯುವ ಕೈ ಈ ಊರಿನಲ್ಲಿ ಇನ್ನೂ ಇದೆಯೆಂಬುದರಿಂದ. ಧರ್ಮಾಂಬುಧಿಗೆ ಆ ಭಾಗ್ಯವಿಲ್ಲ. ಅದಕ್ಕೆ ನೀರು ತರುತ್ತಿದ್ದ ಕಾಲುವೆಗಳ ಮೇಲೆ ಬೀದಿಗಳೆದ್ದಿವೆ. ಬಿಚ್ಚಿ ತೊಳೆದು ಜೋಡಿಸುವುದಕ್ಕೆ ಕೆರೆಯೇನು ಯಂತ್ರವಲ್ಲ. ಕೆರೆ ಹೋದದ್ದು ದ್ವೇಷದಿಂದಲ್ಲ, ಇನ್ನು ಇದರಿಂದ ಉಪಯೋಗವಿಲ್ಲವೆಂಬ ಭಾವನೆಯಿಂದ. ಯಂತ್ರವನ್ನು ತಕ್ಕಡಿಗೆ ಹಾಕಿದ್ದೂ ಅದೇ ಭಾವನೆ. ಈಗ ಆ ಹಿರಿಯ ಫಿಟ್ಟರಂಥವರ ಸರದಿ ಬಂದಿದೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಅದು ತಪ್ಪೂ ಅಲ್ಲ. ಆದರೆ ಬೋಲ್ಟಿಗೆ ಎಷ್ಟು ಬಿಸಿ ಸಾಕು, ಎಲ್ಲಿ ಕೈ ತಡೆಯಬೇಕು ಎಂಬುದು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲ. ಅದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕು, ಅವರಿರುವಾಗಲೇ ಕಲಿಯಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಯಂತ್ರವೊಂದಿದ್ದರೆ ಗುಜರಿಯವನನ್ನು ಕೂಗುವ ಮೊದಲು ಇಂಥವರೊಬ್ಬರನ್ನು ಮನೆಗೆ ಕರೆಯಿರಿ. ಮನೆಯ ಹುಡುಗರನ್ನು ಅವರ ಪಕ್ಕದಲ್ಲಿ ಕೂರಿಸಿರಿ.